ದುರಸ್ತಿಯಾದ ಹಳೆಯ ಮರದ ಕೊಳಲಿಗೆ ಬೆಲೆ ಕಟ್ಟುವುದು ಮತ್ತು ಮಾರುವುದು: ಒಂದು ಸಮಗ್ರ ಮಾರ್ಗದರ್ಶಿ

ಕೊಳಲು ಎಂದೊಡನೆ ನಮಗೆ ನೆನಪಾಗುವುದು ಬಿದಿರು. ಈ ಬರಹದ ಕೊಳಲು ಬೇರೆ ಕುಲದ್ದು. 19ನೆಯ ಶತಮಾನದಲ್ಲಿ, ಮುಖ್ಯವಾಗಿ ಲಂಡನ್ನಿನಲ್ಲಿ, ಗಟ್ಟಿ ಮರವನ್ನು ಲೇತಿನಲ್ಲಿ ಕಡೆದು, ನಾಲ್ಕೈದು ತುಂಡುಗಳಾಗಿ ಮಾಡಿ, ಆರು ರಂಧ್ರಗಳ ಜೊತೆಗೆ ಎಂಟು ಲೋಹದ ಕೀಗಳನ್ನು (ಬೆರಳಿಗೆ ನೇರವಾಗಿ ಎಟುಕದ ರಂಧ್ರಗಳನ್ನು ಮುಚ್ಚಿ ತೆರೆಯುವ ಸನ್ನೆಗಳನ್ನು) ಕೂರಿಸಿದ ಅಡ್ಡಕೊಳಲು ಅದು. ಮ್ಯೂನಿಕ್ಕಿನ ಥಿಯೋಬಾಲ್ಡ್ ಬೋಮ್ 1847ರಲ್ಲಿ ಉರುಳೆಯಾಕಾರದ ಹೊಸ ಕೊಳಲನ್ನು ತಂದ ಮೇಲೆ ಆರ್ಕೆಸ್ಟ್ರಾದ ವಾದಕರು ನಿಧಾನವಾಗಿ ಅತ್ತ ಹೊರಳಿದರು. ಅವರು ಕೈಬಿಟ್ಟ ಮರದ ಕೊಳಲುಗಳು ಅಗ್ಗದ ಬೆಲೆಗೆ ಕೈಬದಲಾಗುತ್ತ ಐರ್ಲೆಂಡಿನ ಜನಪದ ಸಂಗೀತಗಾರರನ್ನು ಸೇರಿದವು, ಅಲ್ಲಿ ಅವುಗಳಿಗೆ ಎರಡನೆಯ ಬದುಕು ದೊರೆಯಿತು. ಇಂದಿಗೂ ಇಂಥ ಕೊಳಲನ್ನು ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಐರಿಶ್ ಸಂಗೀತ ನುಡಿಸುವವರೇ ಹೊರತು ಗಾಜಿನ ಕಪಾಟಿನಲ್ಲಿಟ್ಟು ನೋಡುವ ಸಂಗ್ರಾಹಕರಲ್ಲ.

ಬೆಲೆಯ ಪ್ರಶ್ನೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಕೊಳಲಿಗೆ ಎಷ್ಟು ವಯಸ್ಸಾಗಿದೆ, ನಾವು ಅದರ ಮೇಲೆ ಎಷ್ಟು ರಾತ್ರಿ ಕಳೆದಿದ್ದೇವೆ ಎಂಬುದಕ್ಕಿಂತ, ಕೊಂಡವನು ನಾಳೆ ಸಂಜೆ ನಾಲ್ಕು ಜನರ ನಡುವೆ ಕುಳಿತು ಅದನ್ನು ನುಡಿಸಬಲ್ಲನೇ ಎಂಬುದೇ ಬೆಲೆಯನ್ನು ತೀರ್ಮಾನಿಸುತ್ತದೆ. ಇಂಗ್ಲೆಂಡಿನಲ್ಲಿ ಕುಳಿತು ಇಂಥ ಕೊಳಲುಗಳನ್ನು ಸರಿಪಡಿಸಿ ಮಾರುವ ಸಣ್ಣ ಹವ್ಯಾಸದಿಂದ ನಾನು ಕಲಿತದ್ದನ್ನು, ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ, ಕೆಲಸ ನಡೆಯಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಏನು ಎಂದು ತಿಳಿಯುವುದು

ಕೊಳಲಿನ ಪ್ರತಿಯೊಂದು ತುಂಡನ್ನೂ ಬೇರ್ಪಡಿಸಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಹಿಡಿದು, ತಯಾರಕನ ಮುದ್ರೆಯನ್ನು ಓದಬೇಕು. ಸವೆದ ಮುದ್ರೆ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಟಾರ್ಚನ್ನು ಬದಿಯಿಂದ ಹಿಡಿದರೆ ಅಕ್ಷರಗಳ ನೆರಳು ಎದ್ದುಬರುತ್ತದೆ. ಜಾರ್ಜ್ ರುಡಾಲ್ ಮತ್ತು ಜಾನ್ ಮಿಚೆಲ್ ರೋಸ್ 1821ರಲ್ಲಿ ಕಟ್ಟಿದ ರುಡಾಲ್ ಅಂಡ್ ರೋಸ್ ಸಂಸ್ಥೆಯ ಮುದ್ರೆ ಸಿಕ್ಕರೆ ನಿಮ್ಮದು ಈ ಲೋಕದ ಅತ್ಯಂತ ಬೇಡಿಕೆಯ ಕೊಳಲುಗಳಲ್ಲಿ ಒಂದು. ಆ ಸಂಸ್ಥೆ ತನ್ನ ಕೊಳಲುಗಳಿಗೆ ಕ್ರಮಸಂಖ್ಯೆ ಹಾಕುತ್ತಿತ್ತು ಮತ್ತು ಹಲವು ಬಾರಿ ವಿಳಾಸ ಬದಲಿಸಿತು. ಹಾಗಾಗಿ ಮುದ್ರೆಯಲ್ಲಿರುವ ಬೀದಿಯ ಹೆಸರು ಮತ್ತು ಸಂಖ್ಯೆ ಸೇರಿ ತಯಾರಿಕೆಯ ಕಾಲವನ್ನು ಕೆಲವೇ ವರ್ಷಗಳ ಅಂತರಕ್ಕೆ ತಂದು ನಿಲ್ಲಿಸುತ್ತವೆ. ಮುಂದೆ ರಿಚರ್ಡ್ ಕಾರ್ಟ್ ಸೇರಿಕೊಂಡ ಮೇಲೆ ಸಂಸ್ಥೆಯ ಹೆಸರೂ ಬದಲಾಯಿತು. ದೊಡ್ಡ ರಂಧ್ರಗಳ, ಗಟ್ಟಿ ದನಿಯ ಕೊಳಲನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದವನು ಚಾರ್ಲ್ಸ್ ನಿಕಲ್ಸನ್ (1795–1837) ಎಂಬ ವಾದಕ. ಅವನ ಹೆಸರು ಹೊತ್ತ ಕ್ಲೆಮೆಂಟಿ ಕಂಪನಿಯ ಕೊಳಲುಗಳಿಗೂ, ಇನ್ನೊಬ್ಬ ವಾದಕ ಪ್ರ್ಯಾಟನ್ನನ ಹೆಸರಿನ ಬೂಸಿ ಕಂಪನಿಯ ಮಾದರಿಗಳಿಗೂ ಒಳ್ಳೆಯ ಬೇಡಿಕೆಯಿದೆ.

ಆದರೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಹತ್ತಕ್ಕೆ ಏಳೆಂಟು ಬಾರಿ ಸಿಗುವುದು ಇವು ಯಾವುವೂ ಅಲ್ಲ. ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯಲ್ಲಿ ರಾಶಿರಾಶಿಯಾಗಿ ತಯಾರಾದ, ಹೆಸರೇ ಇಲ್ಲದ ಅಥವಾ ಹ್ಯಾನೋವರ್ ಊರಿನ ಮೇಯರ್ ಎಂಬ ಕೊಳಲು ತಯಾರಕನ ಹೆಸರನ್ನು ಎರವಲು ಪಡೆದ ಕೊಳಲುಗಳೇ ಹೆಚ್ಚು. ಲಂಡನ್ನಿನ ಅಂಗಡಿಯವರು ಇನ್ನೊಬ್ಬರು ಮಾಡಿದ ಕೊಳಲಿಗೆ ತಮ್ಮ ಮುದ್ರೆ ಒತ್ತಿ ಮಾರುವುದೂ ಸಾಮಾನ್ಯವಾಗಿತ್ತು, ಆದ್ದರಿಂದ ಮುದ್ರೆಯಲ್ಲಿ ಲಂಡನ್ ಎಂದಿದ್ದ ಮಾತ್ರಕ್ಕೆ ಹಿಗ್ಗಬಾರದು. ತಯಾರಕರ ವಿಳಾಸ ಮತ್ತು ಕಾಲವನ್ನು ತಾಳೆ ನೋಡಲು ವಿಲಿಯಂ ವಾಟರ್‌ಹೌಸ್ 1993ರಲ್ಲಿ ಹೊರತಂದ ನ್ಯೂ ಲ್ಯಾಂಗ್‌ವಿಲ್ ಇಂಡೆಕ್ಸ್ ಎಂಬ ವಾದ್ಯತಯಾರಕರ ಕೋಶ ಇದೆ. ಕಣ್ಣಿನಿಂದ ಹೋಲಿಸಲು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಡೇಟನ್ ಮಿಲ್ಲರ್ ಕೊಳಲು ಸಂಗ್ರಹದ ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲೆಂಡಿನಲ್ಲಿರುವವರು ಆಕ್ಸ್‌ಫರ್ಡಿನ ಬೇಟ್ ವಾದ್ಯಸಂಗ್ರಹವನ್ನೂ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯವನ್ನೂ ಒಮ್ಮೆ ನೋಡಿ ಬರಬಹುದು.

ಮುದ್ರೆಯ ನಂತರ ಮರ. ತಿಳಿ ಹಳದಿಯಿಂದ ಜೇನಿನ ಬಣ್ಣದವರೆಗೆ ಇರುವುದು ಬಾಕ್ಸ್‌ವುಡ್. ಕಂದುಗಪ್ಪಾಗಿ, ಬೆಳಕಿಗೆ ಹಿಡಿದರೆ ಒಳಗಿನಿಂದ ಕೆಂಪು ಅಥವಾ ಹಸಿರು ಛಾಯೆ ತೋರುವುದು ಸಾಮಾನ್ಯವಾಗಿ ಕ್ಯೂಬಾ ಮತ್ತು ಜಮೈಕಾ ಕಡೆಯ ಕೋಕಸ್ ಮರ. ಕಡುಕಪ್ಪಾಗಿರುವುದು ಆಫ್ರಿಕಾದ ಬ್ಲ್ಯಾಕ್‌ವುಡ್ ಇರಬಹುದು, ಎಬನಿಯೂ ಇರಬಹುದು. ಆಫ್ರಿಕಾದ ಬ್ಲ್ಯಾಕ್‌ವುಡ್ ನಮ್ಮ ಮಲೆನಾಡಿನ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯಾ ಕುಲಕ್ಕೆ ಸೇರಿದವು. ಈ ಸಂಬಂಧಕ್ಕೆ ಕಾನೂನಿನ ಅರ್ಥವೂ ಇದೆ ಎಂಬುದು ಮುಂದೆ ತಿಳಿಯುತ್ತದೆ. ಕೀಗಳ ಲೋಹವನ್ನೂ ಗುರುತಿಸಿ. ನಮ್ಮ ಅಜ್ಜಿಯರ ಮನೆಯಲ್ಲಿ ಲೋಟ-ತಟ್ಟೆಗಳಾಗಿ ಇದ್ದ ಜರ್ಮನ್ ಸಿಲ್ವರ್ ಇಲ್ಲಿಯೂ ಇದೆ. ತಾಮ್ರ, ನಿಕ್ಕಲ್, ಸತುಗಳ ಆ ಮಿಶ್ರಲೋಹದಲ್ಲಿ ಹೆಸರಿಗೆ ಬಿಟ್ಟರೆ ಬೆಳ್ಳಿಯಿಲ್ಲ. ಅದನ್ನು ಬೆಳ್ಳಿ ಎಂದು ಬರೆದು ಮಾರಿದರೆ ಕೊಳಲು ವಾಪಸು ಬರುವುದು ಖಂಡಿತ.

ಎರಡನೆಯ ಹೆಜ್ಜೆ: ದುರಸ್ತಿಯ ಲೆಕ್ಕವನ್ನು ಬರಹಕ್ಕಿಳಿಸುವುದು

ಹಳೆಯ ಕೊಳಲಿನ ತಲೆಭಾಗದಲ್ಲೂ ಅದರ ಕೆಳಗಿನ ಗಿಡ್ಡ ತುಂಡಿನಲ್ಲೂ ಒಳಗೆ ಲೋಹದ ಕೊಳವೆ ಇರುತ್ತದೆ. ಶ್ರುತಿ ಹೊಂದಿಸಲು ಎಳೆಯುವ ಸ್ಲೈಡ್ ಅದೇ. ನೂರೈವತ್ತು ವರ್ಷಗಳಲ್ಲಿ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ, ಆದ್ದರಿಂದ ಈ ಎರಡು ತುಂಡುಗಳಲ್ಲಿ ಉದ್ದುದ್ದ ಬಿರುಕು ಬಿಟ್ಟಿರುವುದು ಸರ್ವೇಸಾಮಾನ್ಯ. ಅದನ್ನು ಕಂಡು ಕೊಳ್ಳುವವರು ಗಾಬರಿಯಾಗುವುದಿಲ್ಲ. ಅದನ್ನು ಮುಚ್ಚಿಟ್ಟದ್ದು ಕಂಡರೆ ಮಾತ್ರ ಕೈಬಿಡುತ್ತಾರೆ. ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇದೆ, ಮುಖರಂಧ್ರವನ್ನು ದಾಟಿದೆಯೇ, ಅದನ್ನು ಅಂಟಿನಿಂದ ತುಂಬಿದ್ದೀರೋ, ಅಡ್ಡಡ್ಡ ಪಿನ್ ಹಾಕಿದ್ದೀರೋ, ಹೊರಗಿನಿಂದ ಬಳೆ ತೊಡಿಸಿದ್ದೀರೋ ಎಂಬುದನ್ನು ಮಿಲಿಮೀಟರುಗಳಲ್ಲಿ ಬರೆದಿಡಿ. ಮುಖರಂಧ್ರವನ್ನು ದಾಟದೆ ಪಕ್ಕದಲ್ಲಿ ಹಾದುಹೋದ, ಗಾಳಿ ಸೋರದಂತೆ ಮುಚ್ಚಿದ ಬಿರುಕಿಗೆ ಬೆಲೆಯಲ್ಲಿ ಸಣ್ಣ ಕಡಿತ ಸಾಕು. ಮುಖರಂಧ್ರದ ಅಂಚಿಗೇ ಬಂದ ಬಿರುಕು ಬೇರೆಯೇ ಮಾತು, ಏಕೆಂದರೆ ದನಿ ಹುಟ್ಟುವುದು ಆ ಅಂಚಿನಲ್ಲಿ. ಹಿಂದೆ ಯಾರೋ ಆ ರಂಧ್ರವನ್ನು ಕೊರೆದು ದೊಡ್ಡದು ಮಾಡಿದ್ದರೆ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಗಾಳಿ ಸೋರಿಕೆಯ ಪರೀಕ್ಷೆ ಸುಲಭ. ತುಂಡಿನ ಒಂದು ತುದಿಯನ್ನು ಅಂಗೈಯಿಂದಲೂ ರಂಧ್ರಗಳನ್ನು ಬೆರಳುಗಳಿಂದಲೂ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿ ಹೀರಿದಾಗ ಆ ಹಿಡಿತ ಕೆಲವು ಸೆಕೆಂಡಾದರೂ ನಿಲ್ಲಬೇಕು. ನಿಲ್ಲದಿದ್ದರೆ ಪ್ಯಾಡುಗಳಲ್ಲಿ (ಕೀಗಳ ತಳದಲ್ಲಿ ರಂಧ್ರವನ್ನು ಮುಚ್ಚುವ ಮೆತ್ತೆಗಳಲ್ಲಿ), ಬಿರುಕಿನಲ್ಲಿ, ಇಲ್ಲವೇ ಕೊನೆಯ ತುಂಡಾದ ಕಾಲಿನ ಭಾಗದ ಕೆಳಸ್ವರಗಳ ಕೀಗಳಿಗೆ ಇರುವ ಪ್ಯೂಟರ್ ಎಂಬ ತವರದ ಮಿಶ್ರಲೋಹದ ಬಿರಡೆಗಳಲ್ಲಿ ಸೋರುತ್ತಿದೆ. ಸೋರುವ ಕೊಳಲನ್ನು ದುರಸ್ತಿಯಾಗಿದೆ ಎಂದು ಮಾರಬಾರದು.

ಬದಲಿಸಿದ ಸ್ಪ್ರಿಂಗು, ತೆಗೆದ ಹಳೆಯ ಪ್ಯಾಡು, ಮುರಿದ ಕೀಯ ತುಂಡು ಇವನ್ನೆಲ್ಲ ಚಿಕ್ಕ ಕಾಗದದ ಲಕೋಟೆಯಲ್ಲಿ ಹಾಕಿ ಕೊಳಲಿನ ಪೆಟ್ಟಿಗೆಯಲ್ಲೇ ಇಡುವುದು ನನ್ನ ರೂಢಿ. ಕೊಳ್ಳುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲದಿರಬಹುದು, ಆದರೆ ಆ ಲಕೋಟೆ ನೋಡಿದೊಡನೆ ಅವರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತು: ಹೊಳಪು ಬರಿಸುವ ಉತ್ಸಾಹದಲ್ಲಿ ಮರವನ್ನು ಉಜ್ಜಿ ಮುದ್ರೆಯನ್ನು ಮಸುಕು ಮಾಡಬೇಡಿ. ಒಮ್ಮೆ ಅಳಿಸಿದ ಮುದ್ರೆಯನ್ನು ಯಾವ ದುರಸ್ತಿಯೂ ಮರಳಿ ತರುವುದಿಲ್ಲ.

ಮೂರನೆಯ ಹೆಜ್ಜೆ: ಶ್ರುತಿಯನ್ನು ಅಳೆಯುವುದು

ಈ ಹೆಜ್ಜೆಯನ್ನು ಹಾರಿದವನು ನಾನೇ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮೊದಮೊದಲು ಮಾರಿದ ಒಂದು ಕೋಕಸ್ ಮರದ ಕೊಳಲು ಕಣ್ಣಿಗೆ ಹಬ್ಬದಂತಿತ್ತು, ಬಿರುಕಿಲ್ಲ, ಕೀಗಳೆಲ್ಲ ಮೂಲದವು, ಒಬ್ಬನೇ ಕುಳಿತು ಊದಿದರೆ ದನಿಯೂ ಸೊಗಸು. ಹತ್ತನೆಯ ದಿನ ಅದು ಅಂಚೆಯಲ್ಲಿ ಹಿಂದಿರುಗಿತು. ಜೊತೆಗಿದ್ದ ಚೀಟಿಯಲ್ಲಿ, ಪಿಟೀಲಿನ ಪಕ್ಕ ಕುಳಿತು ನುಡಿಸಲು ಆಗುವುದೇ ಇಲ್ಲ ಎಂದು ಒಂದೇ ಸಾಲು ಬರೆದಿತ್ತು. ಕೊಂಡವರದು ಏನೂ ತಪ್ಪಿರಲಿಲ್ಲ.

ಕಾರಣ ಇಷ್ಟೇ. ಇಂದು ಪಾಶ್ಚಾತ್ಯ ಪದ್ಧತಿಯ ಎ ಸ್ವರಕ್ಕೆ ಸಾಮಾನ್ಯವಾಗಿ 440 ಹರ್ಟ್ಸ್ ಎಂಬ ಅಳತೆಯಿದೆ. 19ನೆಯ ಶತಮಾನದಲ್ಲಿ ಹಾಗಿರಲಿಲ್ಲ. ಫ್ರಾನ್ಸ್ 1859ರಲ್ಲಿ 435 ಎಂದು ಕಾನೂನು ಮಾಡಿದರೆ, ಇಂಗ್ಲೆಂಡಿನ ವಾದ್ಯಮೇಳಗಳು ಅದೇ ಶತಮಾನದ ಉತ್ತರಾರ್ಧದಲ್ಲಿ ಸುಮಾರು 452ರವರೆಗೆ ಏರಿಹೋಗಿದ್ದವು. ಆ ಏರಿದ ಶ್ರುತಿಗೆ ಮಾಡಿದ ಕೊಳಲು ಇಂದಿನ ಶ್ರುತಿಗಿಂತ ಸುಮಾರು 47 ಸೆಂಟ್ ಮೇಲಿರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಎಂದು ಲೆಕ್ಕ ಹಿಡಿದರೆ, ಇದು ಹತ್ತಿರಹತ್ತಿರ ಅರ್ಧ. ಸ್ಲೈಡ್ ಎಳೆದು ಕೊಳಲನ್ನು ಉದ್ದ ಮಾಡಿದರೆ ಸರಿಹೋಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಕೆಳಗಿನ ಡಿ ಸ್ವರವನ್ನು ಅಷ್ಟು ಇಳಿಸಲು ಸುಮಾರು 16 ಮಿಲಿಮೀಟರ್ ಎಳೆಯಬೇಕಾಗುತ್ತದೆ. ಆ 16 ಮಿಲಿಮೀಟರ್ ಕೊಳಲಿನ ಪೂರ್ತಿ ಉದ್ದಕ್ಕೆ ಸಣ್ಣ ಪಾಲು, ಆದರೆ ಮುಖರಂಧ್ರಕ್ಕೆ ಹತ್ತಿರವಿರುವ ಮೇಲಿನ ರಂಧ್ರಕ್ಕೆ ದೊಡ್ಡ ಪಾಲು. ಆದ್ದರಿಂದ ಆ ರಂಧ್ರದಿಂದ ಹೊರಡುವ ಸಿ ಶಾರ್ಪ್ ಸ್ವರ 47ರ ಬದಲು 85 ಸೆಂಟಿನಷ್ಟು ಇಳಿದುಬಿಡುತ್ತದೆ. ಡಿಯನ್ನು ಷಡ್ಜವೆಂದು ಹಿಡಿದರೆ, ಷಡ್ಜ ಸರಿ ಕೂರಿಸಿದಾಗ ನಿಷಾದ ಕುಸಿಯುತ್ತದೆ. ಬಿದಿರ ಕೊಳಲು ನುಡಿಸುವ ಕಿವಿಗೆ ಇದರ ಹಿಂಸೆ ಎಂಥದ್ದೆಂದು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಳೆಯುವ ವಿಧಾನ ಹೀಗೆ. ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ಕೊಳಲನ್ನು ಐದು ನಿಮಿಷ ನುಡಿಸಿ ಬೆಚ್ಚಗಾಗಿಸಿ. ಟ್ಯೂನರ್ ಆ್ಯಪನ್ನು 440ಕ್ಕೆ ಇಟ್ಟು, ಮೇಲಿನ ಸಪ್ತಕದ ಜಿ ಸ್ವರ ಸರಿಹೊಂದುವಂತೆ ಸ್ಲೈಡನ್ನು ನಿಲ್ಲಿಸಿ, ಎಷ್ಟು ಮಿಲಿಮೀಟರ್ ಎಳೆಯಬೇಕಾಯಿತೆಂದು ಬರೆದುಕೊಳ್ಳಿ. ಅನಂತರ ಟ್ಯೂನರಿನ ಮುಖ ನೋಡದೆ, ತುಟಿಯಿಂದ ತಿದ್ದದೆ, ಎರಡೂ ಸಪ್ತಕಗಳ ಪ್ರತಿ ಸ್ವರವನ್ನೂ ಮೂರು ಬಾರಿ ಊದಿ. ಪಕ್ಕದಲ್ಲಿ ಕುಳಿತವರು ಸೆಂಟುಗಳನ್ನು ಬರೆದುಕೊಳ್ಳಲಿ. ಕಣ್ಣು ಸೂಜಿಯ ಮೇಲಿದ್ದರೆ ತುಟಿ ನಮಗೆ ಗೊತ್ತಿಲ್ಲದೆಯೇ ತಿದ್ದುತ್ತದೆ, ಆಗ ಪಟ್ಟಿ ಸುಳ್ಳಾಗುತ್ತದೆ. ಹೆಚ್ಚಿನ ಇಂಗ್ಲಿಷ್ ಕೊಳಲುಗಳಲ್ಲಿ ಅತ್ಯಂತ ಕೆಳಗಿನ ಸ್ವರಗಳು ಸ್ವಲ್ಪ ಇಳಿದೇ ಇರುತ್ತವೆ, ನುರಿತ ವಾದಕರು ಅದನ್ನು ಉಸಿರಿನಿಂದ ಎತ್ತಿಕೊಳ್ಳುತ್ತಾರೆ. ಹೀಗೆ ಸಿದ್ಧವಾದ ಪಟ್ಟಿಯಲ್ಲಿ ಎಲ್ಲ ಸ್ವರಗಳೂ ಹದಿನೈದು ಸೆಂಟಿನೊಳಗೆ ನಿಂತರೆ ಅದು ಗುಂಪಿನಲ್ಲಿ ನುಡಿಸಬಲ್ಲ ಕೊಳಲು, ಬೆಲೆಯನ್ನು ಧೈರ್ಯವಾಗಿ ಹೇಳಬಹುದು. ಮೇಲಿನ ಸ್ವರಗಳು ನಲವತ್ತು ಸೆಂಟ್ ಕುಸಿದರೆ ಅದು ಏರುಶ್ರುತಿಯ ಕೊಳಲು. ಎಷ್ಟೇ ದೊಡ್ಡ ಹೆಸರಿದ್ದರೂ ವಾದಕರು ಕೊಳ್ಳುವುದಿಲ್ಲ, ಸಂಗ್ರಾಹಕರನ್ನೇ ಹುಡುಕಬೇಕು, ಅವರ ಸಂಖ್ಯೆಯೂ ಕಡಿಮೆ, ಕೊಡುವ ಬೆಲೆಯೂ ಕಡಿಮೆ.

ನಾಲ್ಕನೆಯ ಹೆಜ್ಜೆ: ಮಾರಲು ಕಾನೂನು ಬಿಡುತ್ತದೆಯೇ?

ಬೆಲೆ ಯೋಚಿಸುವ ಮೊದಲೇ ಇದನ್ನು ನೋಡಬೇಕು, ಏಕೆಂದರೆ ಕೆಲವು ಕೊಳಲುಗಳನ್ನು ಗಡಿ ದಾಟಿಸುವಂತೆಯೇ ಇಲ್ಲ. ಮರದ ವಿಷಯದಲ್ಲಿ ಈಗ ಆತಂಕ ಕಡಿಮೆ. ವನ್ಯಜೀವಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಇಡೀ ಡಾಲ್ಬರ್ಜಿಯಾ ಕುಲವನ್ನು ನಿಯಂತ್ರಣಕ್ಕೆ ತಂದಾಗ ಬ್ಲ್ಯಾಕ್‌ವುಡ್ ವಾದ್ಯಗಳೆಲ್ಲ ಪರವಾನಗಿಯ ಬಲೆಗೆ ಬಿದ್ದಿದ್ದವು. 2019ರ ನವೆಂಬರ್ 26ರಿಂದ ಸಿದ್ಧಪಡಿಸಿದ ಸಂಗೀತವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲಿನ ರೋಸ್‌ವುಡ್ ಮಾತ್ರ 1992ರಿಂದಲೂ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಕೋಕಸ್ ಮರ ಬೇರೆ ಕುಲದ್ದು.

ನಿಜವಾದ ತೊಡಕು ದಂತ. 18ನೆಯ ಶತಮಾನದ ಮತ್ತು 19ರ ಆರಂಭದ ಬಾಕ್ಸ್‌ವುಡ್ ಕೊಳಲುಗಳ ಕೂಡುಭಾಗಗಳಲ್ಲಿ ಬಿಳಿಯ ಬಳೆಗಳಿದ್ದರೆ ಅವು ಬಹುಮಟ್ಟಿಗೆ ಆನೆಯ ದಂತ. ಅಡ್ಡಕೊಯ್ತದ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳು ಕಂಡರೆ ದಂತ, ಚಿಕ್ಕ ಕಪ್ಪು ಚುಕ್ಕೆಗಳು ಕಂಡರೆ ಮೂಳೆ. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಉಪಾಯ ಬೇಡ, ಅದು ವಸ್ತುವನ್ನು ಕೆಡಿಸುತ್ತದೆ. ಬ್ರಿಟನ್ನಿನಲ್ಲಿ 2018ರ ದಂತ ಕಾಯಿದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. ಅದರಂತೆ 1975ಕ್ಕಿಂತ ಮೊದಲು ತಯಾರಾದ, ಗಾತ್ರದಲ್ಲಿ ಶೇಕಡಾ 20ಕ್ಕಿಂತ ಕಡಿಮೆ ದಂತವಿರುವ ಸಂಗೀತವಾದ್ಯವನ್ನು ಮಾರಬಹುದು, ಆದರೆ ಮಾರುವ ಮೊದಲು ನೋಂದಾಯಿಸಬೇಕು. ತೆಳುವಾದ ಬಳೆಗಳಷ್ಟೇ ಇರುವ ಕೊಳಲು ಈ ಮಿತಿಯೊಳಗೆ ಬರುತ್ತದೆ. ಅಮೆರಿಕದ ಖರೀದಿದಾರರಿಗೆ ದಂತವಿರುವ ಕೊಳಲನ್ನು ಕಳುಹಿಸುವ ಸಾಹಸಕ್ಕೆ ನಾನಂತೂ ಹೋಗುವುದಿಲ್ಲ. ಇಬೇ ತಾಣದಲ್ಲಿ ದಂತದ ಮಾರಾಟಕ್ಕೆ ಅವಕಾಶವೇ ಇಲ್ಲ. ಮಾರಾಟ ಸುಲಭವಾಗಲಿ ಎಂದು ಮೂಲದ ಬಳೆಗಳನ್ನು ತೆಗೆದು ಕೃತಕ ಬಳೆ ಹಾಕುವವರಿದ್ದಾರೆ. ಹಾಗೆ ಮಾಡುವುದಕ್ಕಿಂತ ದೇಶದೊಳಗೇ ಕಡಿಮೆ ಬೆಲೆಗೆ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿರುವ ಓದುಗರಿಗೂ ಇಂಥ ಕೊಳಲು ಸಿಗುವುದು ಅಸಂಭವವೇನಲ್ಲ. ಬೆಂಗಳೂರಿನ ದಂಡಿನಲ್ಲಿ ಸೈನ್ಯದ ಬ್ಯಾಂಡುಗಳಿದ್ದವು, ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು. ಆದರೆ ಭಾರತದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಖ್ಯೆಯೊಳಗೆ ನೂರು ವರ್ಷ ದಾಟಿದ ಇಂಥ ವಾದ್ಯವೂ ಬರಬಹುದು, ಹಾಗೆ ಬಂದರೆ ಖಾಸಗಿ ವ್ಯಕ್ತಿ ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ದಂತವಿದ್ದರೆ ಇಲ್ಲಿ ಒಳಗೂ ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಆ ಬಾಗಿಲನ್ನು ಮುಚ್ಚಿವೆ.

ಐದನೆಯ ಹೆಜ್ಜೆ: ಬೆಲೆ

ಅಂತರ್ಜಾಲದಲ್ಲಿ ಕಾಣುವ ಬೆಲೆಗಳಲ್ಲಿ ಹೆಚ್ಚಿನವು ಕೇಳುವ ಬೆಲೆಗಳು. ಎರಡು ವರ್ಷದಿಂದ ಮಾರಾಟವಾಗದೆ ಕುಳಿತ ಕೊಳಲಿನ ಬೆಲೆಯನ್ನು ನೋಡಿ ನಮ್ಮ ಕೊಳಲಿಗೆ ಬೆಲೆ ಕಟ್ಟಿದರೆ ನಮ್ಮದೂ ಅದರ ಪಕ್ಕ ಕುಳಿತುಕೊಳ್ಳುತ್ತದೆ. ಬೇಕಾದದ್ದು ಮಾರಾಟವಾದ ಬೆಲೆ. ಹರಾಜು ಸಂಸ್ಥೆಗಳು ತಮ್ಮ ಹಳೆಯ ಫಲಿತಾಂಶಗಳನ್ನು ಪ್ರಕಟಿಸುತ್ತವೆ, ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆಯಿದೆ. ಹರಾಜಿನ ಅಂಕಿ ಓದುವಾಗ ಅದು ಸುತ್ತಿಗೆ ಬಿದ್ದ ಬೆಲೆಯೋ, ಕೊಂಡವರು ಮೇಲಿಂದ ಕಟ್ಟುವ ಪ್ರೀಮಿಯಂ ಸೇರಿದ ಬೆಲೆಯೋ ಎಂದು ನೋಡಿಕೊಳ್ಳಿ. ಪ್ರೀಮಿಯಂ ಶೇಕಡಾ 25 ಇದ್ದು ಅದರ ಮೇಲೆ ಶೇಕಡಾ 20 ವ್ಯಾಟ್ ಬಿದ್ದರೆ, 2,000 ಪೌಂಡಿಗೆ ಸುತ್ತಿಗೆ ಬಿದ್ದ ಕೊಳಲಿಗೆ ಕೊಂಡವರು ತೆತ್ತದ್ದು 2,600 ಪೌಂಡ್.

ಸ್ಥೂಲವಾಗಿ ಹೇಳುವುದಾದರೆ, ಚೆನ್ನಾಗಿ ದುರಸ್ತಿಯಾದ ಹೆಸರಿಲ್ಲದ ಜರ್ಮನ್ ಕೊಳಲು ನೂರುಗಳ ಲೆಕ್ಕದಲ್ಲಿಯೂ, 440ರ ಶ್ರುತಿಯಲ್ಲಿ ನುಡಿಯುವ ರುಡಾಲ್ ಅಂಡ್ ರೋಸ್ ಸಾವಿರಗಳ ಲೆಕ್ಕದಲ್ಲಿಯೂ ಹೋಗುತ್ತವೆ. ಮೇಲಿನ ಮಿತಿಯನ್ನು ಇನ್ನೊಂದು ಸಂಗತಿ ಹಿಡಿದಿಡುತ್ತದೆ: ಇದೇ ಹಳೆಯ ಮಾದರಿಗಳನ್ನು ಅಳೆದು, 440ಕ್ಕೆ ತಿದ್ದಿ, ಹೊಸದಾಗಿ ಮಾಡುವ ತಯಾರಕರು ಇಂದು ಇದ್ದಾರೆ. ಎಂಟು ಕೀಗಳ ಅವರ ಕೊಳಲಿಗೂ ಸಾವಿರಾರು ಪೌಂಡ್ ಆಗುತ್ತದೆ, ಒಳ್ಳೆಯವರ ಬಳಿ ವರ್ಷಗಟ್ಟಲೆ ಕಾಯಬೇಕು. ನುಡಿಸಲೆಂದೇ ಕೊಳ್ಳುವವರು ನಿಮ್ಮ ಕೊಳಲನ್ನು ಅದರ ಪಕ್ಕ ಇಟ್ಟೇ ತೂಗುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ; ಅಂಕಿಗಳು ರೀತಿ ತಿಳಿಯಲಷ್ಟೇ. ನಿಮ್ಮದೇ ತಯಾರಕರ, ಅದೇ ಕಾಲದ ಕೊಳಲುಗಳು ನೇರ ಮಾರಾಟದಲ್ಲಿ ಸರಾಸರಿ 2,800 ಪೌಂಡಿಗೆ ಹೋಗಿವೆ ಎಂದುಕೊಳ್ಳಿ. ತಲೆಭಾಗದಲ್ಲಿ ಚೆನ್ನಾಗಿ ಮುಚ್ಚಿದ ಬಿರುಕಿಗೆ ನಾನು ಶೇಕಡಾ 10, ಅಂದರೆ 280 ಕಳೆಯುತ್ತೇನೆ. ಒಂದು ಕೀ ಹೊಸದಾಗಿ ಮಾಡಿಸಿದ್ದಕ್ಕೆ ಶೇಕಡಾ 5, ಅಂದರೆ 140. ಉಳಿದದ್ದು 2,380. ಈಗ ಖರ್ಚು ನೋಡಿ: ಕೊಂಡದ್ದು 900, ಬೆಳ್ಳಿ ಕೆಲಸದವರಿಗೆ 160, ಪ್ಯಾಡು ಮತ್ತಿತರ ಸಾಮಾನು 120, ಒಟ್ಟು 1,180 ಪೌಂಡ್. ನೇರವಾಗಿ ಮಾರಿದರೆ 1,200 ಉಳಿಯುತ್ತದೆ, 45 ಗಂಟೆಯ ಕೆಲಸಕ್ಕೆ ಗಂಟೆಗೆ 26 ಚಿಲ್ಲರೆ. ಹರಾಜಿನಲ್ಲಿ 2,000ಕ್ಕೆ ಸುತ್ತಿಗೆ ಬಿದ್ದು, ಶೇಕಡಾ 15ರ ಕಮಿಷನ್ನು ಮತ್ತು ಅದರ ಮೇಲಿನ ವ್ಯಾಟ್ ಸೇರಿ 360 ಹೋದರೆ, ಉಳಿಯುವುದು 460, ಗಂಟೆಗೆ ಹತ್ತು. ಇಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು, ನನ್ನ 45 ಗಂಟೆ ಬೆಲೆಯ ಕಡೆಗೆ ಎಲ್ಲಿಯೂ ಸೇರಿಲ್ಲ ಎಂಬುದು. ಗಂಟೆಗಳನ್ನು ಕೂಡಿ ಬೆಲೆ ಕಟ್ಟುವ ದುರಸ್ತಿಗಾರರ ಕೊಳಲುಗಳು ಅವರ ಮನೆಯಲ್ಲೇ ಉಳಿಯುತ್ತವೆ. ಆ ಲೆಕ್ಕವನ್ನು ಕೊಳ್ಳುವಾಗ ಹಾಕಬೇಕು, ಮಾರುವಾಗ ಅಲ್ಲ.

ಕೇಳುವ ಬೆಲೆಯನ್ನು 2,450 ಎಂದಿಟ್ಟು, ಯಾವುದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದನ್ನು, ಅಂದರೆ 2,150 ಎಂಬುದನ್ನು, ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚೌಕಾಸಿಯ ನಡುವೆ ತೀರ್ಮಾನಿಸುವ ಕೊನೆಯ ಬೆಲೆ ಯಾವಾಗಲೂ ಕೆಳಕ್ಕೇ ಜಾರುತ್ತದೆ. ಬ್ರಿಟನ್ನಿನಲ್ಲಿ 6,000 ಪೌಂಡಿನೊಳಗಿನ ವೈಯಕ್ತಿಕ ವಸ್ತುವಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಲಾಭಕ್ಕಾಗಿ ಕೊಂಡು, ಸರಿಪಡಿಸಿ, ಮಾರುವುದನ್ನೇ ರೂಢಿ ಮಾಡಿಕೊಂಡರೆ ಅದು ವ್ಯಾಪಾರವಾಗುತ್ತದೆ, ವರ್ಷಕ್ಕೆ 1,000 ಪೌಂಡಿನ ವಹಿವಾಟು ದಾಟಿದ ಮೇಲೆ ತೆರಿಗೆ ಇಲಾಖೆಗೆ ತಿಳಿಸಬೇಕಾಗುತ್ತದೆ.

ಆರನೆಯ ಹೆಜ್ಜೆ: ವಿವರಣೆ ಮತ್ತು ಚಿತ್ರಗಳು

ಮೋಡ ಕವಿದ ಹಗಲಿನ ಕಿಟಕಿಯ ಬೆಳಕು ಸಾಕು. ಇಡೀ ಕೊಳಲು, ಬಿಡಿ ತುಂಡುಗಳು, ಪ್ರತಿ ಮುದ್ರೆ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟ ಮುಖರಂಧ್ರ, ಒಂದು ತುದಿಯಿಂದ ಬೆಳಕು ಬಿಟ್ಟು ತೆಗೆದ ಒಳಕೊಳವೆ, ಪ್ರತಿ ಕೀಯ ತಳ, ಪ್ರತಿ ಬಿರುಕು ಇಷ್ಟೂ ಬರಬೇಕು. ಬಿರುಕಿನ ಚಿತ್ರ ಮಸುಕಾಗಿದ್ದರೆ ಅದನ್ನು ಬೇಕೆಂದೇ ಮಸುಕು ಮಾಡಿದಂತೆ ಕಾಣುತ್ತದೆ. ಬರಹಕ್ಕೆ ನಾನು ಅನುಸರಿಸುವ ಮಾದರಿ ಇಂಥದ್ದು:

“ಲಂಡನ್ನಿನಲ್ಲಿ ಸುಮಾರು 1840ರಲ್ಲಿ ತಯಾರಾದ, ಕೋಕಸ್ ಮರದ, ಎಂಟು ಬೆಳ್ಳಿ ಕೀಗಳ ಕೊಳಲು. ಮೂರು ತುಂಡುಗಳ ಮೇಲೆ ಒಂದೇ ಮುದ್ರೆಯಿದೆ, ಕಾಲಿನ ಭಾಗದ ಮುದ್ರೆ ಸವೆದಿದೆ. ತಲೆಭಾಗದಲ್ಲಿ 74 ಮಿಲಿಮೀಟರ್ ಉದ್ದದ ಬಿರುಕನ್ನು ತುಂಬಿ ಮೂರು ಪಿನ್ ಹಾಕಲಾಗಿದೆ. ಅದು ಮುಖರಂಧ್ರದಿಂದ 9 ಮಿಲಿಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಮುಖರಂಧ್ರವನ್ನು ಮುಟ್ಟಿಲ್ಲ. ಉದ್ದ ಎಫ್ ಕೀ ಹೊಸದು. ಪ್ಯಾಡುಗಳೆಲ್ಲ ಹೊಸವು. ಸ್ಲೈಡ್ 11 ಮಿಲಿಮೀಟರ್ ಎಳೆದಾಗ 440ರಲ್ಲಿ ನುಡಿಯುತ್ತದೆ, ಸ್ವರಗಳ ಪಟ್ಟಿ ಜೊತೆಗಿದೆ. ದಂತವಿಲ್ಲ.”

ಇದರಲ್ಲಿ “ಅಪರೂಪದ”, “ಅದ್ಭುತ” ಎಂಬ ಪದಗಳಿಲ್ಲ, ಬೇಕಾಗಿಯೂ ಇಲ್ಲ. ನುರಿತ ವಾದಕರೊಬ್ಬರಿಂದ ಎರಡು ನಿಮಿಷ ನುಡಿಸಿ ಧ್ವನಿಮುದ್ರಿಸಿ ಸೇರಿಸಿದರೆ ಆ ಪದಗಳ ಕೆಲಸವನ್ನು ಅದೇ ಮಾಡುತ್ತದೆ. ಧ್ವನಿಗೆ ಪ್ರತಿಧ್ವನಿ ಬೆರೆಸಬೇಡಿ.

ಏಳನೆಯ ಹೆಜ್ಜೆ: ಎಲ್ಲಿ, ಯಾರಿಗೆ

ವಾದಕರಿಗೆ ನೇರವಾಗಿ ಮಾರುವುದೇ ಲಾಭದ ದಾರಿ, ತಾಳ್ಮೆಯ ದಾರಿಯೂ ಹೌದು. ಐರ್ಲೆಂಡಿನ ಕ್ಲೇರ್ ಜಿಲ್ಲೆಯ ಮಿಲ್‌ಟೌನ್ ಮಾಲ್‌ಬೇಯಲ್ಲಿ ಪ್ರತಿ ಜುಲೈನಲ್ಲಿ ವಿಲ್ಲಿ ಕ್ಲ್ಯಾನ್ಸಿ ಬೇಸಿಗೆ ಶಿಬಿರ ನಡೆಯುತ್ತದೆ, ಆಗಸ್ಟಿನಲ್ಲಿ ಫ್ಲಾ ಖ್ಯೋಲ್ ಎಂಬ ರಾಷ್ಟ್ರೀಯ ಸಂಗೀತೋತ್ಸವ ಇರುತ್ತದೆ. ಅಲ್ಲಿ ಕೊಳಲನ್ನು ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಅರ್ಧ ಗಂಟೆಯಲ್ಲಿ ಅದರ ಗುಣದೋಷಗಳೆಲ್ಲ ನಿಮಗೇ ತಿಳಿದುಬರುತ್ತವೆ. ವಾದ್ಯಗಳಿಗೇ ಮೀಸಲಾದ ವ್ಯಾಪಾರಿಗಳ ಬಳಿ ಬಿಟ್ಟರೆ ಅವರು ಕಮಿಷನ್ ಹಿಡಿದುಕೊಳ್ಳುತ್ತಾರೆ, ಬದಲಿಗೆ ವಾಪಸಾತಿಯ ತಲೆನೋವು ಅವರದು. ಹರಾಜು ಬೇಗ ಮುಗಿಯುತ್ತದೆ. ಹೆಸರಿಲ್ಲದ ಕೊಳಲಿಗೆ ಅಲ್ಲಿ ಬೆಲೆ ಬರುವುದಿಲ್ಲ, ದೊಡ್ಡ ಹೆಸರಿದ್ದು ಶ್ರುತಿ ಕೂಡದ ಕೊಳಲಿಗೆ ಮಾತ್ರ ಅದೇ ಸರಿಯಾದ ಜಾಗ, ಏಕೆಂದರೆ ಸಂಗ್ರಾಹಕರು ಅಲ್ಲಿರುತ್ತಾರೆ. ಕೇಳಿದ್ದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ಕು ಕಳುಹಿಸಿ ಉಳಿದದ್ದನ್ನು ಹಿಂದಿರುಗಿಸಿ ಎನ್ನುವವರು ಎಲ್ಲ ವ್ಯಾಪಾರದಲ್ಲಿರುವಂತೆ ಇಲ್ಲಿಯೂ ಇದ್ದಾರೆ, ಅಂಥವರಿಗೆ ಉತ್ತರಿಸಬೇಡಿ.

ಎಂಟನೆಯ ಹೆಜ್ಜೆ: ಕಳುಹಿಸುವುದು, ಪರೀಕ್ಷಾ ಅವಧಿ, ಕಾಗದಪತ್ರ

ಹಣ ಪೂರ್ತಿ ಬಂದ ಮೇಲೆ ಕಳುಹಿಸಿ, ತಲುಪಿದ ದಿನದಿಂದ ಐದಾರು ದಿನ ನುಡಿಸಿ ನೋಡುವ ಅವಕಾಶ ಕೊಡಿ. ಬೇಡವೆಂದರೆ ಹಿಂದಿರುಗಿಸುವ ಅಂಚೆ ವೆಚ್ಚ ಅವರದು ಎಂದು ಮೊದಲೇ ಬರೆದು ಒಪ್ಪಿಸಿಕೊಳ್ಳಿ. ವ್ಯಾಪಾರಿಯಾಗಿ ಬ್ರಿಟನ್ನಿನ ಗ್ರಾಹಕರಿಗೆ ದೂರದಿಂದ ಮಾರುತ್ತಿದ್ದರೆ 14 ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಕಾನೂನೇ ಅವರಿಗೆ ಕೊಟ್ಟಿದೆ. ಹೋದ ಕೊಳಲೇ ಹಿಂದೆ ಬಂದಿದೆಯೇ ಎಂದು ಗುರುತಿಸಲು ಮರದ ಎಳೆಗಳ ಹತ್ತಿರದ ಚಿತ್ರಗಳನ್ನು ಇಟ್ಟುಕೊಂಡಿರಬೇಕು.

ಒಳಗಿನ ತೇವವನ್ನು ಒರೆಸಿ, ಸ್ಲೈಡನ್ನು ಪೂರ್ತಿ ಒಳತಳ್ಳಿ, ತುಂಡುಗಳನ್ನು ಬಿಡಿಬಿಡಿಯಾಗಿ ಸುತ್ತಿ, ಕೀಗಳ ಮೇಲೆ ಒತ್ತಡ ಬೀಳದಂತೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಎಲ್ಲ ಬದಿಗೂ ನಾಲ್ಕು ಬೆರಳಿನಷ್ಟು ಮೆತ್ತೆಯಿರುವಂತೆ ಇಡಬೇಕು. ವಿಮೆಯ ಷರತ್ತುಗಳನ್ನು ಓದಿ. ಪುರಾತನ ವಸ್ತುಗಳನ್ನು ಕೈಬಿಟ್ಟಿರುವ ಸಾಗಣೆ ಸಂಸ್ಥೆಗಳು ಬಹಳ. ಇಂಗ್ಲೆಂಡಿನ ತೇವದ ಹವೆಯಿಂದ ಚಳಿಗಾಲದ ಷಿಕಾಗೊದ ಹೀಟರಿನ ಒಣಹವೆಗೆ ಹೋದ ಕೊಳಲು ಮೊದಲ ವಾರದಲ್ಲೇ ಸೀಳಬಹುದು. ಮಂಗಳೂರಿನಿಂದ ಬೇಸಿಗೆಯ ಕಲಬುರಗಿಗೆ ಹೋದರೂ ಅಷ್ಟೆ.

ಅದಕ್ಕಾಗಿ ಹೊರಪೆಟ್ಟಿಗೆಯಲ್ಲಿ ಒಂದು ಪುಟದ ಸೂಚನೆ ಇಡುತ್ತೇನೆ: ತಲುಪಿದ ದಿನ ಒಳಪೆಟ್ಟಿಗೆಯನ್ನು ತೆರೆಯದೆ ಕೋಣೆಯಲ್ಲಿ ಒಂದು ರಾತ್ರಿ ಬಿಡಿ, ಮೊದಲ ವಾರ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನುಡಿಸಬೇಡಿ, ಪ್ರತಿ ಬಾರಿಯೂ ಒಳಗೆ ಒರೆಸಿ, ಪೆಟ್ಟಿಗೆಯಲ್ಲಿ ತೇವಾಂಶ ಶೇಕಡಾ 50ರಿಂದ 60ರ ನಡುವೆ ಇರಲಿ, ಎಣ್ಣೆ ಹಚ್ಚುವಾಗ ಪ್ಯಾಡುಗಳಿಗೆ ತಗಲದಂತೆ ಅಡಿಯಲ್ಲಿ ಪ್ಲಾಸ್ಟಿಕ್ಕಿನ ಚೂರು ಸಿಕ್ಕಿಸಿ. ಅದರ ಜೊತೆಗೆ ರಸೀದಿ, ದುರಸ್ತಿಯ ವಿವರ, ಸ್ವರಗಳ ಪಟ್ಟಿ, ದಂತವಿದ್ದರೆ ನೋಂದಣಿಯ ಪ್ರತಿ ಮತ್ತು ಆ ಹಳೆಯ ಸ್ಪ್ರಿಂಗುಗಳ ಲಕೋಟೆ. ಎಲ್ಲದರ ಒಂದೊಂದು ಪ್ರತಿ ನನ್ನ ಬಳಿಯೂ ಉಳಿಯುತ್ತದೆ; ಐದಾರು ವರ್ಷದ ನಂತರ ಆ ಕೊಳಲು ಮತ್ತೆ ಮಾರಾಟಕ್ಕೆ ಬಂದಾಗ ಅದರ ಹೊಸ ಒಡೆಯರು ಕೇಳಿಕೊಂಡು ಬರುವುದು ಆ ಕಾಗದಗಳನ್ನೇ.